ಆರೋಗ್ಯಮ್ಮನ ಪಕ್ಕದ ಮನೆ

ಈ ಸಲ ಬಂಗಾರಪೇಟೆಯ ಬಜಾರಿಗೆ ಹೊಸ ಹುಣಸೆಹಣ್ಣು ಬೇಗ ಬಂದಿತ್ತು. ಹೊಲಿಗೆಯ ನೂಲು ಕೊಳ್ಳಲು ಹೋದವಳು ಮಂಡಿಯೊಂದರ ಮುಂದೆ ನಿಂತುಬಿಟ್ಟೆ. ಒಳಗೆ ಐದಾರು ಹೆಂಗಸರು ಗೋಣಿತಾಟಿನ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಳಿಯೂ ಸಿಹಿಯೂ ಬೆರೆತ, ಇನ್ನೂ ಬಿಸಿಲಿನ ಕಾವು ಆರದ ಆ ವಾಸನೆ ಬೀದಿಯವರೆಗೂ ಬಂದಿತ್ತು. ಮಂಡಿಯವರು "ಏನ್ ಬೇಕಮ್ಮ?" ಎಂದರು. ಏನೂ ಬೇಡ ಎಂದೆ, ಆದರೂ ಕದಲಲಿಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ಬೇಸಿಗೆ, ಅದರ ಹಿಂದೆ ಬಂದ ಗಾಳಿಯ ದಿನಗಳು, ಆಮೇಲಿನ ಮಂಜು, ಎಲ್ಲವೂ ನಿದ್ದೆಗಣ್ಣಿನಲ್ಲಿ ಕಂಡ ಹಾಗೆ ಒಂದರ ಬೆನ್ನಿಗೊಂದು ತೇಲಿ ಬಂದವು.

ಆಗ ನಾನಿದ್ದದ್ದು ಬೂದಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ, ಗಂಡನ ಮನೆಯಲ್ಲಿ. ಗಂಡ, ಅತ್ತೆ, ನಾನು, ಏಳು ವರ್ಷದ ಮಗಳು ಕಾವ್ಯ. ಎರಡು ಸೀಮೆಹಸು, ಹೊಲದ ಬದುವಿನಲ್ಲಿ ಒಂಬತ್ತು ಹುಣಸೆಮರ. ನೋಡಿದವರಿಗೆ ಕೊರತೆಯಿಲ್ಲದ ಸಂಸಾರ. ನನ್ನ ಗಂಡ ಕುಡಿಯುತ್ತಿರಲಿಲ್ಲ. ಊರಿನಲ್ಲಿ ಯಾರೊಂದಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಬೈಕ್ ಹೊರಗೆ ತೆಗೆಯುತ್ತಿದ್ದವರು ಅವರೇ. ಅದಕ್ಕೇ ನನ್ನ ಮಾತು ಯಾರ ಕಿವಿಗೂ ಇಳಿಯಲಿಲ್ಲ. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದದ್ದು, ಕೊಟ್ಟಿಗೆಯ ಬಾಗಿಲು ತೆರೆದಿದ್ದದ್ದು, ಪಕ್ಕದ ಮನೆಯವಳ ಜೊತೆ ನಾನು ನಕ್ಕದ್ದು, ಇವುಗಳಲ್ಲಿ ಯಾವುದಕ್ಕೆ ಕೈ ಏಳುತ್ತದೆಂದು ಮೊದಲೇ ತಿಳಿಯುತ್ತಿರಲಿಲ್ಲ. ಮಾರನೆಯ ದಿನ ಮಲ್ಲಿಗೆ ತರುತ್ತಿದ್ದರು. ಬೈಕ್ ನಿಲ್ಲಿಸುವ ಸದ್ದಿನಲ್ಲಿ, ಚಪ್ಪಲಿ ಬಿಡುವ ಸದ್ದಿನಲ್ಲಿ ಆ ಹೊತ್ತಿನ ಹವೆಯನ್ನು ಓದುವುದನ್ನು ನಾನು ಕಲಿತಿದ್ದೆ. ಕಾವ್ಯಳೂ ಕಲಿತಿದ್ದಾಳೆ ಎಂದು ಗೊತ್ತಾದ ದಿನ ಏಟಿಗಿಂತ ಹೆಚ್ಚು ನೋವಾಯಿತು.

ಒಮ್ಮೆ ನಾನು ಕೋಣೆಯೊಳಗೆ ಸೇರಿ ಚಿಲಕ ಹಾಕಿಕೊಂಡಿದ್ದೆ. ಮಾರನೆಯ ದಿನವೇ ಆಚಾರಿಯನ್ನು ಕರೆಸಿ ಆ ಚಿಲಕವನ್ನೇ ಬಿಚ್ಚಿಸಿದರು. ತವರಿಗೆ ಎರಡು ಸಲ ಹೋದೆ. ಎರಡು ಸಲವೂ ಅಣ್ಣ ನನ್ನನ್ನು ವಾಪಸ್ ತಂದು ಬಿಟ್ಟು, ನನ್ನ ಗಂಡನ ಜೊತೆ ಕೂತು ಕಾಫಿ ಕುಡಿದು ಹೋದ. ಅತ್ತೆ ಅಂಥ ಹೊತ್ತಿನಲ್ಲಿ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಗುಡಿಸಿದ ಕೊಟ್ಟಿಗೆಯನ್ನೇ ಮತ್ತೆ ಗುಡಿಸುತ್ತಿದ್ದರು. ನನಗೆ ಅವರ ಮೇಲೂ ಕೋಪವಿತ್ತು.

ಹಣ್ಣು ಕುಟ್ಟಲು ಪ್ರತಿ ಬೇಸಿಗೆಯಲ್ಲೂ ಕೆ.ಜಿ.ಎಫ್.ನಿಂದ ಹೆಂಗಸರ ಒಂದು ಗುಂಪು ಬಂದು ನಮ್ಮ ಕಣದಲ್ಲಿ ವಾರಗಟ್ಟಲೆ ಕೆಲಸ ಮಾಡುತ್ತಿತ್ತು. ಅವರಲ್ಲಿ ಹಿರಿಯರು ಆರೋಗ್ಯಮ್ಮ. ಗಣಿಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅರವತ್ತು ದಾಟಿದ ಹೆಂಗಸು, ಬೆಳ್ಳಗೆ ನೆರೆತ ತಲೆ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ತಮಿಳು ಬೆರೆತ ಕನ್ನಡ ಅವರದು, ಅಕ್ಕರೆ ಬಂದರೆ ಯಾರನ್ನಾದರೂ 'ಕಣ್ಣು' ಎನ್ನುತ್ತಿದ್ದರು.

ಆ ವರ್ಷ ಒಂದು ಮಧ್ಯಾಹ್ನ ಗಂಡ ನನ್ನನ್ನು ಕಣದಿಂದ ಒಳಗೆ ಕರೆದರು. ಸ್ವಲ್ಪ ಹೊತ್ತಿನ ಮೇಲೆ ಕಿವಿಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದು ಮತ್ತೆ ಹಣ್ಣಿನ ಮುಂದೆ ಕೂತೆ. ಎಲ್ಲರ ಕೈ ನಿಂತಿತ್ತು. ಆರೋಗ್ಯಮ್ಮ ಒಬ್ಬರೇ ಕುಟ್ಟುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನಮ್ ಲೈನ್‌ನಲ್ಲಿ ನಮ್ ಪಕ್ಕದ್ ಮನೆ ಖಾಲಿ ಇದೆ ಕಣ್ಣು. ಚಾಂಪಿಯನ್ ಸ್ಟೇಷನ್‌ನಲ್ಲಿ ಇಳಿದು ಆರೋಗ್ಯಮ್ಮ ಅಂತ ಕೇಳಿದ್ರೆ ಚಿಕ್ ಮಕ್ಕಳೂ ತೋರಿಸ್ತಾರೆ."

"ನಂಗ್ಯಾಕೆ ಏಳ್ತಿದೀರಾ?" ಎಂದೆ.

"ಸುಮ್ನೆ ಹೇಳ್ದೆ. ಖಾಲಿ ಇದೆ, ಅಷ್ಟೇ."

ಆಮೇಲೆ ಅವರು ಆ ಮಾತೆತ್ತಲಿಲ್ಲ. ಕೆಲಸ ಮುಗಿಯಿತು, ಗುಂಪು ಹೊರಟುಹೋಯಿತು. ಆದರೆ ಆ ಖಾಲಿ ಮನೆ ನನ್ನೊಳಗೆ ಉಳಿದುಕೊಂಡಿತು. ಮುದ್ದೆ ತಿರುವುವಾಗ, ಹಾಲು ಕರೆಯುವಾಗ ಅದರ ಬಾಗಿಲು ಕಾಣಿಸುತ್ತಿತ್ತು. ಇನ್ನೂ ನೋಡದ ಆ ಮನೆಯಲ್ಲಿ ನಾನು ಗೂಡಿಗೆ ದೀಪ ಇಟ್ಟೆ, ಮೂಲೆಗೆ ಬಿಂದಿಗೆ ಇಟ್ಟೆ, ಕಿಟಕಿಯ ಕೆಳಗೆ ಕಾವ್ಯಳನ್ನು ಮಲಗಿಸಿದೆ. ಏಪ್ರಿಲ್ ಮೇ ಪೂರ್ತಿ ಅಲ್ಲಿ ಹೀಗೆ ಗುಟ್ಟಾಗಿ ಸಂಸಾರ ಮಾಡಿದೆ.

ಜೂನ್‌ನಲ್ಲಿ ಶಾಲೆ ತೆರೆದು ಒಂದು ವಾರವಾಗಿತ್ತು. ಬೆಳಿಗ್ಗೆ ಹಾಲಿನ ಕ್ಯಾನ್ ತೆಗೆದುಕೊಂಡು ಹೊರಟೆ. ಡೈರಿಗೆ ಹಾಲು ಹಾಕಿ ಮಗಳನ್ನು ಶಾಲೆಗೆ ಬಿಟ್ಟು ಬರುವುದು ದಿನದ ವಾಡಿಕೆ. ಅವತ್ತು ಕಾವ್ಯಳ ಚೀಲದಲ್ಲಿ ಪುಸ್ತಕಗಳ ಬದಲು ಎರಡು ಲಂಗ, ನನ್ನ ಎರಡು ಸೀರೆ, ಆಧಾರ್ ಕಾರ್ಡು, ಹೊಲಿಗೆ ಕತ್ತರಿ ಇದ್ದವು. ಗಂಡ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು. ಹೊಸಿಲು ದಾಟುವಾಗ ಅತ್ತೆ ಹಿಂದಿನಿಂದ ಬಂದು ಮಗುವಿನ ಸ್ವೆಟರನ್ನು ನನ್ನ ಕೈಗೆ ತುರುಕಿದರು.

"ಆಕ್ಕಂಡೋಗು. ಆ ಕಡೆ ಗಾಳಿ ಜಾಸ್ತಿಯಂತೆ."

ಅಷ್ಟು ಹೇಳಿ ಕೊಟ್ಟಿಗೆಗೆ ಹೋದರು. ಹಾಲು ಅಳೆದು, ಖಾಲಿ ಕ್ಯಾನನ್ನು ಡೈರಿಯಲ್ಲೇ ಬಿಟ್ಟು, ಬಸ್ಸು ಹತ್ತಿ ಊರಿನ ಕೆರೆ ದಾಟಿದ ಮೇಲಷ್ಟೇ ನನಗೆ ತಿಳಿಯಿತು. ಅವರು ಆ ಕಡೆ ಎಂದಿದ್ದರು. ಯಾವ ಕಡೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಆರೋಗ್ಯಮ್ಮನ ಮಾತು ಕೊಟ್ಟಿಗೆಯವರೆಗೂ ಕೇಳಿಸಿರಬೇಕು.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಕಡೆಯ ರೈಲು ಹತ್ತಿದೆವು. ಕೆ.ಜಿ.ಎಫ್.ನ ಜನವೆಲ್ಲ ಬೆಳಿಗ್ಗೆ ಬೆಂಗಳೂರಿನ ಕೆಲಸಕ್ಕೆ ಹೋಗುವವರು. ಪಕ್ಕದ ಪ್ಲಾಟ್‌ಫಾರಂನಲ್ಲಿ ಅವರ ರೈಲು ಕಿಟಕಿ ಬಾಗಿಲು ತುಂಬಿ ಹೊರಟಿತ್ತು. ನಮ್ಮ ಡಬ್ಬಿಯಲ್ಲಿ ನಾವಿಬ್ಬರು, ಒಬ್ಬ ಸೊಪ್ಪಿನವಳು. ಮೋಡದ ಬೆಳಗು. ರೈಲು ಎಲ್ಲಿಗೂ ಅವಸರವಿಲ್ಲದ ಹಾಗೆ ಸಾಗಿತು. ಬಂಡೆಗಳು, ನೀಲಗಿರಿ ತೋಪು, ಆಮೇಲೆ ದೂರದಲ್ಲಿ ಬೂದಿಬಣ್ಣದ ನುಣುಪಾದ ದಿಬ್ಬಗಳು, ಅವುಗಳ ನಡುವೆ ಮೇಲೆ ಚಕ್ರ ಹೊತ್ತು ಸುಮ್ಮನೆ ನಿಂತ ಗಣಿಯ ಕಬ್ಬಿಣದ ಗೋಪುರಗಳು. ಚಕ್ರಗಳು ತಿರುಗುತ್ತಿರಲಿಲ್ಲ. ಅಷ್ಟು ದೊಡ್ಡ ನಿಶ್ಶಬ್ದವನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಾವ್ಯ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮ, ಇಟ್ಟಿನ ಬೆಟ್ಟ."

ಆರೋಗ್ಯಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು ಅಚ್ಚರಿಪಡಲಿಲ್ಲ. "ಬಂದ್ಯಾ? ಮೊದ್ಲು ಕಾಫಿ ಕುಡಿ," ಎಂದರು.

ಲೈನ್ ಎಂದರೆ ಗಣಿ ಕೆಲಸದವರಿಗಾಗಿ ಹಿಂದೆ ಸಾಲಾಗಿ ಕಟ್ಟಿದ ಮನೆಗಳು. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಗೆ ಅದರ ಅರ್ಧ ಜಾಗ. ಕೈ ಎತ್ತಿದರೆ ತಗಡಿನ ಸೂರು ತಾಗುತ್ತಿತ್ತು. ಒಳಗೆ ಹಳೆಯದೊಂದು ಮಂಚ ಮಾತ್ರ ಇತ್ತು. ನಾನು ಮನಸ್ಸಿನಲ್ಲಿ ಇಟ್ಟಿದ್ದ ಗೂಡು ಗೋಡೆಯಲ್ಲಿರಲಿಲ್ಲ, ಕಿಟಕಿ ಬೇರೆ ಕಡೆ ಇತ್ತು. ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕವಿತ್ತು, ತುಕ್ಕು ಹಿಡಿದದ್ದು. ಹಾಕಿದೆ. ತೆಗೆದೆ. ಮತ್ತೆ ಹಾಕಿದೆ. ಎಷ್ಟು ಸಲವೋ ಗೊತ್ತಿಲ್ಲ. ಕಾವ್ಯ ನೋಡುತ್ತಾ ನಿಂತಿದ್ದಳು. ಆಮೇಲೆ ಆರೋಗ್ಯಮ್ಮ ಕೊಟ್ಟ ಚಾಪೆ ಹಾಸಿಕೊಂಡು ಹಾಡುಹಗಲಲ್ಲಿ ಇಬ್ಬರೂ ಮಲಗಿದೆವು. ಎಚ್ಚರವಾದಾಗ ಬಾಗಿಲ ಸಂದಿಯಿಂದ ಸಂಜೆಯ ಬಿಸಿಲು ಬಂದು ನಮ್ಮ ಪಾದದ ಮೇಲೆ ಬಿದ್ದಿತ್ತು. ಪಕ್ಕದ ಮನೆಯಿಂದ ಮೀನು ಸಾರಿನ ವಾಸನೆ ಬರುತ್ತಿತ್ತು. ನಾನೆಲ್ಲಿದ್ದೇನೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ತಿಳಿಯದಿರುವುದೂ ಹಿತವಾಗಿತ್ತು.

ಜೂನ್ ಜುಲೈನ ಗಾಳಿ ಆ ದಿಬ್ಬಗಳ ಮೇಲಿಂದ ಬೀಸುತ್ತಿತ್ತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿಯ ದಿಬ್ಬಗಳು ಅವು, ಜನ ಸೈನೈಡ್ ದಿಬ್ಬ ಎನ್ನುತ್ತಾರೆ. ಹುಡಿ ಎದ್ದು ಬಂದು ತಟ್ಟೆಯ ಮೇಲೆ, ರೆಪ್ಪೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಒರೆಸುವುದರಲ್ಲಿ ಬೇಸರವಿರಲಿಲ್ಲ. ಸರಿಯಾಗಿ ಒರೆಸಿಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಟೈಲರ್ ಅಂಗಡಿಯೊಂದರಲ್ಲಿ ಶಾಲೆಯ ಯೂನಿಫಾರಂಗಳಿಗೆ ಗುಂಡಿ, ಕಾಜ ಹಾಕುವ ಕೆಲಸ ಸಿಕ್ಕಿತು. ಕಾವ್ಯಳನ್ನು ಹತ್ತಿರದ ಶಾಲೆಯಲ್ಲಿ ಕೂರಿಸಿಕೊಂಡರು. ಆದರೆ ಹಳ್ಳಿಯ ಶಾಲೆಯಿಂದ ಟಿ.ಸಿ. ತಂದುಕೊಟ್ಟರೇ ಹೆಸರು ಸೇರಿಸುವುದು ಎಂದರು. ಟಿ.ಸಿ. ಕೇಳಲು ನಾನು ಆ ಊರಿಗೆ ಹೋಗುವುದು ಹೇಗೆ? ನಾಳೆ ನಾಳೆ ಎಂದು ತಿಂಗಳುಗಳು ಜಾರಿದವು. ಒಮ್ಮೆ ಪೇಟೆಯಲ್ಲಿ ಸಿಕ್ಕ ನಮ್ಮೂರ ಡೈರಿಯವರ ಮುಂದೆ ಇದನ್ನು ಹೇಳಿಕೊಂಡಿದ್ದೆ.

ಕಾವ್ಯ ಪಿಸುಗುಟ್ಟಿಯೇ ಮಾತಾಡುತ್ತಿದ್ದಳು. ಹಸಿವಾದರೂ ಪಿಸುಮಾತು, ನಗು ಬಂದರೂ ಬಾಯಿಗೆ ಅಂಗೈ. ಆರೋಗ್ಯಮ್ಮನಿಗೆ ಕಿವಿ ಮಂದ ಎಂದು ನಾವು ಅಂದುಕೊಂಡಿದ್ದೆವು. ಅವಳೇನು ಹೇಳಿದರೂ ಕೈಯನ್ನು ಕಿವಿಗೆ ಹಚ್ಚಿ, "ಕೇಳಿಸ್ಲ ಪಾಪ, ಜೋರಾ ಸೊಲ್ಲು," ಎನ್ನುತ್ತಿದ್ದರು. ಅವಳು ಇಷ್ಟಿಷ್ಟೇ ದನಿ ಏರಿಸಬೇಕಾಯಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಮನೆಯ ಮುಂದಿನಿಂದ, "ಅಜ್ಜೀ, ನೀರು ಬಂತೂ," ಎಂದು ಅವಳು ಕೂಗಿದ್ದು ಇಡೀ ಲೈನಿಗೆ ಕೇಳಿಸಿತು. ಅವರ ಕಿವಿ ಸೂಜಿ ಬಿದ್ದರೂ ಕೇಳುವಷ್ಟು ಚುರುಕಾಗಿತ್ತೆಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ.

ನೀರು ಅಲ್ಲಿ ದಿನವೂ ಬರುತ್ತಿರಲಿಲ್ಲ. ಬಂದ ದಿನ ಡ್ರಮ್ಮು, ಬಿಂದಿಗೆ, ಚೊಂಬು ಎಲ್ಲವನ್ನೂ ತುಂಬಿಡಬೇಕು. ಅಕ್ಟೋಬರ್‌ನ ಒಂದು ಭಾನುವಾರ ಕಾವ್ಯ ಕುಡಿಯುವ ನೀರಿನ ಮಣ್ಣಿನ ಕೊಡವನ್ನು ಎತ್ತಲು ಹೋಗಿ ಬೀಳಿಸಿದಳು. ಕೊಡ ಒಡೆದು ನೀರು ಕೋಣೆಯ ತುಂಬ ಹರಿಯಿತು. ನಾನು ಅಡಿಗೆ ಜಾಗದಿಂದ ಓಡಿಬಂದೆ. ಅವಳು ಕಾಣಲಿಲ್ಲ. ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮಲಗಿದ್ದಳು. ಅಳುತ್ತಿರಲಿಲ್ಲ. ಕಾಯುತ್ತಿದ್ದಳು.

ಬಾ ಎಂದರೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನೂ ಹೊಟ್ಟೆಯ ಮೇಲೆ ತೆವಳಿ ಮಂಚದ ಕೆಳಗೆ ಹೋಗಿ ಅವಳ ಪಕ್ಕ ಮಲಗಿದೆ. ಸೀರೆ ನೆನೆಯಿತು. ಬಾಗಿಲಿನಿಂದ ಬಿಸಿಲು ಬಂದು ಹರಿಯುವ ನೀರಿನ ಮೇಲೆ ಬಿದ್ದು, ಅದರ ನೆರಳುಬೆಳಕು ತಗಡಿನ ಸೂರಿನಲ್ಲಿ ನಡುಗುತ್ತಿತ್ತು. ಇಬ್ಬರೂ ಮುಖವನ್ನಷ್ಟೇ ಮಂಚದಾಚೆ ಚಾಚಿ ಅದನ್ನು ನೋಡಿದೆವು.

"ಮೀನು," ಎಂದಳು ಕಾವ್ಯ.

"ಎಲ್ಲಿ?"

"ಮೇಲೆ. ಎಷ್ಟೊಂದವೆ ನೋಡು."

ನೀರು ಹೊಸಿಲು ದಾಟಿ ಹೊರಗೆ ಹೋಗುವವರೆಗೂ ಮೀನು ನೋಡಿದೆವು. ಆಮೇಲೆ ಅವಳೇ ಕೇಳಿದಳು: "ನನ್ನ ಒಡಿಯಲ್ವಾ?"

"ಯಾರು?"

ಅವಳು ಯೋಚಿಸಿದಳು. ಯಾರೂ ಇಲ್ಲವೆಂದು ಅವಳಿಗೇ ಹೊಳೆದ ಆ ಗಳಿಗೆಯನ್ನು ನಾನು ಅವಳ ಮುಖದಲ್ಲಿ ನೋಡಿದೆ. ಅವತ್ತಿನಿಂದ ಅದು ನಮ್ಮ ಮನೆಯಾಯಿತು.

ನವೆಂಬರ್‌ನಲ್ಲಿ ನಾವಿರುವ ಜಾಗ ಹೇಗೋ ತಿಳಿದುಕೊಂಡು ಗಂಡ ಬಂದರು, ಒಂದು ಭಾನುವಾರ ಮಧ್ಯಾಹ್ನ, ಜೊತೆಗೆ ತಮ್ಮ ಸೋದರಮಾವನನ್ನು ಕರೆದುಕೊಂಡು. ನೀರು ಬರುವ ದಿನವಾದ್ದರಿಂದ ಲೈನಿನ ಹೆಂಗಸರು ಕೊಳಾಯಿಯ ಸುತ್ತ ಬಿಂದಿಗೆ ಇಟ್ಟುಕೊಂಡು ಕೂತಿದ್ದರು. ಗಂಡ ಹೊಸಿಲ ಹೊರಗೆ ನಿಂತರು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು.

"ನಡಿ ಸರೋಜಾ," ಎಂದರು, ಎಷ್ಟೋ ಮೆತ್ತಗೆ. "ಆಗಿದ್ದಾಯ್ತು. ಮನೆ ಮನೆಯಂಗಿಲ್ಲ. ನಡಿ ಓಗನ."

ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಕಾಲು ಆಗಲೇ ಚಪ್ಪಲಿಯನ್ನು ಹುಡುಕುತ್ತಿತ್ತು. ಹತ್ತು ವರ್ಷ ಆ ದನಿಗೆ ಎದ್ದ ಮೈ ಅದು, ನನ್ನನ್ನು ಕೇಳದೆಯೇ ಎದ್ದಿತು. ತಿರುಗಿ ನೋಡಿದೆ. ಕಾವ್ಯ ಶಾಲೆಯ ಚೀಲವನ್ನು ಬೆನ್ನಿಗೆ ಏರಿಸಿ ಹೊರಡಲು ಸಿದ್ಧವಾಗಿ ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಇದು ಇಷ್ಟೇ, ಮುಗಿಯಿತು ಎಂದು ಮೊದಲಿನಿಂದಲೂ ಗೊತ್ತಿದ್ದವರ ಮುಖ. ನನ್ನ ಕಾಲು ನಿಂತಿತು.

"ನಾ ಬರಲ್ಲ," ಎಂದೆ. ನನಗೇ ಕೇಳಿಸಲಿಲ್ಲ.

ಹೊರಗಿನಿಂದ ಆರೋಗ್ಯಮ್ಮ ಹೇಳಿದರು: "ಕೇಳಿಸ್ಲಮ್ಮಾ. ಜೋರಾ ಸೊಲ್ಲು."

"ನಾನು ಬರಲ್ಲ."

ಈ ಸಲ ಕೊಳಾಯಿಯವರೆಗೂ ಕೇಳಿಸಿತು. ಗಂಡನ ಮುಖ ಬದಲಾಯಿತು. ಆ ಬದಲಾವಣೆಯನ್ನು ಮನೆಯ ನಾಲ್ಕು ಗೋಡೆಗಳಾಚೆ ಅಷ್ಟು ಜನ ನೋಡಿದ್ದು ಅದೇ ಮೊದಲು. "ಅಂಗಾರೆ ಮಗೀನ ಕಳ್ಸು," ಎಂದು ಹೊಸಿಲ ಮೇಲೆ ಕಾಲಿಟ್ಟರು. ಹೆಂಗಸರು ಎದ್ದು ಬಂದರು. ಯಾರೂ ಕೂಗಲಿಲ್ಲ, ಯಾರೂ ಮುಟ್ಟಲಿಲ್ಲ. ಬಿಂದಿಗೆಗಳನ್ನು ಸೊಂಟದಲ್ಲಿ ಹಿಡಿದು ಸುಮ್ಮನೆ ಸುತ್ತ ನಿಂತರು. ಆರೋಗ್ಯಮ್ಮ ಮುಂದೆ ಬಂದರು.

"ತಂಬಿ, ಪಕ್ಕದ್ ಮನೆಯವಳು ನಾನು. ನಾನೇ ಬಾಗಿಲು ತಟ್ಟಿ, ಬಾ ಅಂದ್ಮೇಲೆ ಒಳಗೆ ಹೋಗೋದು. ಕಾಲು ತೆಗಿ."

ಸೋದರಮಾವ ಗಂಡನ ತೋಳು ಹಿಡಿದು, "ಬಾರ್ಲಾ, ಮರ್ಯಾದೆ ಓಯ್ತದೆ," ಎಂದು ಎಳೆದುಕೊಂಡು ಹೋದರು. ಮಲ್ಲಿಗೆ ಡ್ರಮ್ಮಿನ ಮುಚ್ಚಳದ ಮೇಲೆ ಉಳಿಯಿತು. ಸಂಜೆಗೆ ಯಾರದೋ ಮೇಕೆ ಅದನ್ನು ಎಲೆಯ ಸಮೇತ ತಿಂದಿತು.

ಮಾರನೆಯ ದಿನ ಆರೋಗ್ಯಮ್ಮನ ಜೊತೆ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಉಚಿತವಾಗಿ ಕೇಸು ನಡೆಸುವ ಲಾಯರಮ್ಮ ಒಬ್ಬರು ಸಿಕ್ಕಿದರು. ಗಂಡ ನಮ್ಮ ಮನೆಯ ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶ ಬಂತು. ಎಲ್ಲ ಮುಗಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ನಾನು ಬಂಗಾರಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟೆ, ಆರೋಗ್ಯಮ್ಮ ತೀರಿಕೊಂಡರು, ಕಾವ್ಯ ನರ್ಸಿಂಗ್ ಓದಲು ಸೇರಿದಳು. ಈಗ ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ಅವರು ಹೇಗೆ ಬಂದರೆಂದು ಕೇಳುವವರಿಗೆ ನಾನು ನಾವು ಮನೆ ಬಿಟ್ಟ ವರ್ಷದ ಡಿಸೆಂಬರಿನ ಒಂದು ದಿನವನ್ನು ಹೇಳುತ್ತೇನೆ.

ಆ ತಿಂಗಳು ಮಂಜು ದಟ್ಟವಾಗಿ ಇಳಿಯುತ್ತಿತ್ತು. ದಿಬ್ಬಗಳು, ಗೋಪುರಗಳು, ಎದುರು ಲೈನಿನ ಮನೆಗಳು ಎಲ್ಲವೂ ಕರಗಿಹೋಗಿ, ಒಂಬತ್ತು ಗಂಟೆಯಾದರೂ ನಮ್ಮ ಬಾಗಿಲ ಮುಂದೆ ನಾಲ್ಕು ಹೆಜ್ಜೆಯಷ್ಟು ಭೂಮಿ ಮಾತ್ರ ಉಳಿದಿರುತ್ತಿತ್ತು. ಅವತ್ತು ಅಂಗಡಿಗೆ ರಜೆ. ಕಾವ್ಯ ಶಾಲೆಗೆ ಹೋಗಿದ್ದಳು. ಮಂಜಿನೊಳಗಿಂದ ಚೀಲ ಹೊತ್ತ ಒಂದು ಆಕೃತಿ ನಿಧಾನವಾಗಿ ಗಟ್ಟಿಯಾಗುತ್ತಾ ಬಂದು ಅತ್ತೆಯಾಯಿತು. ನಾನು ಅವರ ಹಿಂದೆ ಇನ್ಯಾರಾದರೂ ಬರುತ್ತಾರೆಯೇ ಎಂದು ನೋಡಿದೆ.

"ಯಾರೂ ಇಲ್ಲಮ್ಮ, ನಾನೊಬ್ಳೇ," ಎಂದರು.

ಒಳಗೆ ಬಂದು ಚೀಲದಿಂದ ರಾಗಿಹಿಟ್ಟು, ಅವರೆಕಾಯಿ ತೆಗೆದಿಟ್ಟರು. ಆಮೇಲೆ ರವಿಕೆಯೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿದ್ದ ಕಾಗದ ತೆಗೆದು ಕೊಟ್ಟರು. ಕಾವ್ಯಳ ಟಿ.ಸಿ.

"ಡೈರಿಯವ್ರು ಏಳಿದ್ರು, ಈ ಕಾಗ್ದ ಇಲ್ದೆ ಮಗೀಗೆ ಇಸ್ಕೂಲ್ನಾಗೆ ಎಸ್ರಿಲ್ಲ ಅಂತ. ಎಡ್ಮಾಸ್ಟ್ರು, ಅವ್ರಪ್ಪನ್ ಕರ್ಕಂಬಾ ಅಂದ್ರು. ನಾನು ಜಗಲಿ ಮ್ಯಾಲೆ ಕುಂತ್ಕಂಡೆ. ಮದ್ದಾನದ್ ಗಂಟೆ ಒಡೀತು, ಬುಡೋ ಗಂಟೆ ಒಡೀತು, ಏಳ್ಲಿಲ್ಲ. ಕೊನೀಗೆ ಎಬ್ಬೆಟ್ಟು ಒತ್ತಿಸ್ಕಂಡು ಕೊಟ್ರು."

"ಅವ್ರಿಗೆ ಗೊತ್ತಾ ಅತ್ತೆ?"

"ಇಷ್ಟೊತ್ಗೆ ಗೊತ್ತಾಗಿರ್ತದೆ."

ಕೈ ತೊಳೆಯಲು ನೀರು ಹಾಕಿದೆ. ಸೆರಗು ಸರಿದಾಗ ಅವರ ಮೊಣಕೈ ಮೇಲೆ ಹಳದಿಗೆ ತಿರುಗುತ್ತಿದ್ದ ಕಲೆ ಕಂಡಿತು. ಅದು ಎಷ್ಟು ದಿನದ್ದೆಂದು ನೋಡಿದ ಕೂಡಲೇ ಹೇಳಬಲ್ಲೆ ನಾನು. ಅವರು ಸೆರಗು ಎಳೆದುಕೊಂಡರು. ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದೆ. ಅರ್ಧ ಊಟದಲ್ಲಿ ಅವರೇ ಶುರುಮಾಡಿದರು.

"ನಾನೂ ಒಂದ್ಸಲ ಮನೆ ಬಿಟ್ಟಿದ್ದೆ ಕಣಮ್ಮ. ನಿನ್ ಗಂಡ ಆಗ ಕಂಕುಳ ಕೂಸು. ಅವ್ರಪ್ಪಂದೂ ಇದೇ ಬಾಳು. ಬಂಗಾರಪೇಟೆ ಟೇಸನ್‌ಗಂಟ ಓಗಿ ಕುಂತಿದ್ದೆ. ರೈಲು ಬಂತು, ಓಯ್ತು. ಇನ್ನೊಂದು ಬಂತು, ಓಯ್ತು. ಯಾವೂರ್ಗೆ ಅಂತ ಟಿಕೇಟು ಕೇಳ್ಲಿ? ವಾಪಸ್ ಬಂದ್ಬುಟ್ಟೆ."

ಮುದ್ದೆಯ ಉಳಿದ ತುಂಡನ್ನು ಸಾರಿನಲ್ಲಿ ಅದ್ದಿ ನುಂಗಿದರು. "ಆವತ್ತು ಯಾರಾನಾ ಒಂದೂರಿನ ಎಸ್ರು ಏಳಿದ್ದಿದ್ರೆ," ಎಂದು ಅಲ್ಲಿಗೇ ನಿಲ್ಲಿಸಿದರು.

ಹತ್ತು ವರ್ಷ ಅವರ ಮೇಲೆ ಹೊತ್ತಿದ್ದ ಕೋಪವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಇನ್ನೊಂದು ಸೌಟು ಸಾರು ಬಿಟ್ಟೆ. ಊಟವಾದ ಮೇಲೆ, "ಒಂದ್ ಗಳಿಗೆ ಮೈ ಚಾಚ್ತೀನಿ, ಬಸ್ಸಿಗೆ ಎಬ್ಬಿಸು," ಎಂದು ಚಾಪೆಯ ಮೇಲೆ ಒರಗಿದರು. ಊರಿನ ಮನೆಯಲ್ಲಿ ಅವರು ಹಗಲು ಮಲಗಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಇಲ್ಲಿ ಗೋಡೆಯ ಕಡೆ ತಿರುಗಿದವರು ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ಬಾಯಿ ಸ್ವಲ್ಪ ತೆರೆದಿತ್ತು. ಮುಷ್ಟಿ ಕಟ್ಟಿದ್ದ ಕೈ ನಿಧಾನವಾಗಿ ಬಿಚ್ಚಿಕೊಂಡಿತು.

ಮೂರು ಗಂಟೆಗೆ ಹೊರಟರೆ ಬಂಗಾರಪೇಟೆಯಲ್ಲಿ ಬೂದಿಕೋಟೆಯ ಬಸ್ಸು ಸಿಗುತ್ತಿತ್ತು. ಮೂರಾಯಿತು. ಮೂರೂವರೆಯಾಯಿತು. ಕಾವ್ಯ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು, ಮಲಗಿದ್ದ ಅಜ್ಜಿಯನ್ನು ಬಹಳ ಹೊತ್ತು ನೋಡಿದಳು.

"ಅಜ್ಜಿ ವಾಪಸ್ ಓಗ್ಬೇಕಾ ಅಮ್ಮ?"

"ಮಲಗ್ಲಿ ಬಿಡು," ಎಂದೆ.

ಹೊರಗೆ ಮತ್ತೆ ಮಂಜು ಇಳಿಯತೊಡಗಿತ್ತು. ನಾನು ಒಲೆ ಹಚ್ಚಿ ಮೂವರಿಗಾಗುವಷ್ಟು ಅಕ್ಕಿ ತೊಳೆದಿಟ್ಟೆ.